ಹಾಡಿನ ಕೆಳಗಿನ ಮಾತು

ಯಾರೂ ಕರೆಯದಿದ್ದರೂ ನಮ್ಮ ಅತ್ತೆ ಅಡುಗೆಮನೆಯಿಂದ "ಬಂದೇ" ಎನ್ನುತ್ತಿದ್ದರು. ಒಗ್ಗರಣೆ ಸಿಡಿಯುವಾಗ, ಕುಕ್ಕರ್ ಕೂಗುವಾಗ, ಒಮ್ಮೊಮ್ಮೆ ಮನೆಯೆಲ್ಲ ಸದ್ದಿಲ್ಲದೆ ಇರುವಾಗ. ಸೆರಗಿಗೆ ಕೈ ಒರೆಸುತ್ತ ಹಜಾರದ ಬಾಗಿಲವರೆಗೆ ಬಂದು ನಮ್ಮ ಮುಖ ನೋಡುತ್ತಿದ್ದರು.

"ಕರೆದ್ರಾ?"

"ಇಲ್ಲ ಅತ್ತೆ."

ಅಷ್ಟಕ್ಕೆ ತಿರುಗಿ, ಹೋಗುವ ಮುಂಚೆ ಹಜಾರದ ದೀಪವನ್ನೋ ಫ್ಯಾನನ್ನೋ ಆರಿಸಿ ಒಳಗೆ ಹೋಗುತ್ತಿದ್ದರು. ಉರಿಯುವ ಸ್ವಿಚ್ ಕಂಡರೆ ಅವರ ಕೈ ತಾನಾಗಿ ಹೋಗುತ್ತಿತ್ತು. ಹೊಳೆನರಸೀಪುರದ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆ "ಬಂದೇ" ಕೇಳಿ ನಾನು ಹೆದರಿದ್ದೆ. ಆಮೇಲೆ ಅಭ್ಯಾಸವಾಯಿತು. ಹೆದರಿಕೆ ಮಾತ್ರ ಪೂರ್ತಿ ಹೋಗಲಿಲ್ಲ.

ಅತ್ತೆ ಶ್ರೀರಂಗಮ್ಮನವರ ಮಗಳು ಹಂಸ ತೀರಿಕೊಂಡ ಮರುವರ್ಷ ನಾನು ಆ ಮನೆಗೆ ಬಂದದ್ದು. ಅರಕಲಗೂಡಿಗೆ ಕೊಟ್ಟಿದ್ದ ಹುಡುಗಿ, ಮದುವೆಯಾಗಿ ವರ್ಷ ತುಂಬುತ್ತಿದ್ದಂತೆ ಕಾಮಾಲೆಯಲ್ಲಿ ಹೋಗಿಬಿಟ್ಟಳು. ಅವಳ ಕೋಣೆಯೇ ನನ್ನ ಕೋಣೆಯಾಯಿತು. ಅವಳ ಬೀರುವಿನಲ್ಲೇ ನನ್ನ ಸೀರೆಗಳು. ಆದರೆ ನಾನು ಅವಳನ್ನು ನೋಡಿದ್ದು ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾತ್ರ.

ಪ್ರತಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಆ ಕ್ಯಾಸೆಟ್ ಹಾಕಿಸುತ್ತಿದ್ದರು. ಕೊನೆಯ ಭಾಗದಲ್ಲಿ ಛತ್ರದ ಮುಂದೆ ಹೂವಿನ ಸರ ಕಟ್ಟಿದ ಬಿಳಿ ಅಂಬಾಸಿಡರ್ ನಿಂತಿರುತ್ತದೆ. ಹಂಸ ಕಿಟಕಿಯಿಂದ ಮುಖ ಹೊರಗೆ ಹಾಕಿ ಏನೋ ಹೇಳುತ್ತಾಳೆ. ಮತ್ತೊಮ್ಮೆ ಹೇಳುತ್ತಾಳೆ. ಚಿತ್ರದ ಅಂಚಿನಲ್ಲಿ ಯಾರದೋ ಶಲ್ಯದ ಕೆಂಪಂಚು ಒಂದಿಷ್ಟು ಕಾಣುತ್ತದೆ. ಕಾರು ಹೊರಡುತ್ತದೆ, ಧೂಳು ಏಳುತ್ತದೆ. ಅವಳು ಏನು ಹೇಳಿದಳೆಂದು ಕೇಳುವ ಹಾಗಿಲ್ಲ. ಸ್ಟುಡಿಯೋದವರು ಕ್ಯಾಸೆಟ್ಟಿನ ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದರು. ಹಂಸಳ ತುಟಿ ಆಡುವಾಗ ಯಾರೋ ಗಾಯಕಿ ತವರಿನ ಬಗ್ಗೆ ಹಾಡುತ್ತಿರುತ್ತಾಳೆ. ಅದಕ್ಕೇ ಅತ್ತೆ ಟೀವಿಯ ದನಿ ಪೂರ್ತಿ ಇಳಿಸಿ ನೋಡುತ್ತಿದ್ದರು.

ಆ ಹೊತ್ತಿಗೆ ಅತ್ತೆ ಅಲ್ಲಿರಲಿಲ್ಲ. ಶಾಸ್ತ್ರವೆಲ್ಲ ಮುಗಿದಿತ್ತು, ಅವರು ಉಗ್ರಾಣದಲ್ಲಿ ಛತ್ರದವರಿಗೆ ಪಾತ್ರೆ ಒಪ್ಪಿಸುತ್ತಿದ್ದರು. ದಾರಿಗೆಂದು ಪುಳಿಯೋಗರೆ ಕಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ಕಾರು ಇರಲಿಲ್ಲ. ನನ್ನ ಗಂಡ ಕೇದಾರ್ ಸಾಮಾನಿನ ವ್ಯಾನಿನಲ್ಲಿ ಮುಂದೆ ಹೋಗಿದ್ದರು. ಅತ್ತೆ ಹಿಂದೆ ಒಮ್ಮೆ ಮಾವನವರನ್ನು ಕೇಳಿದ್ದರಂತೆ.

"ವಾಲಗದ ಗದ್ದಲ. ನನಗೇನೂ ಕೇಳಿಸಲಿಲ್ಲ" ಎಂದಿದ್ದರಂತೆ ಅವರು.

ಮಾವನವರನ್ನು ಮನೆಯವರೂ ಊರವರೂ ಅಪ್ಪಾಜಿ ಎಂದೇ ಕರೆಯುತ್ತಿದ್ದರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಕರೆದವರ ಮನೆಗೆ ಪೂಜೆಗೂ ಹೋಗುತ್ತಿದ್ದರು. ಶುಕ್ರವಾರ ಟೀವಿಯಲ್ಲಿ ಬಿಳಿ ಕಾರು ಬಂದ ಕೂಡಲೇ ಅವರು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆಯುತ್ತಿದ್ದರು. ಒಂದು ಶುಕ್ರವಾರವೂ ತಪ್ಪಿದ್ದಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಜೂನಿನಲ್ಲಿ, ಊಟಕ್ಕೆ ಕೂತಾಗ, ಕೇದಾರ್ ಸಿನಿಮಾದ ಸುದ್ದಿ ಎತ್ತಿದರು. ಅವರು ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಲ್ಲೇ ಬೇಸಾಯ ಮಾಡಿಕೊಂಡು, ವರ್ಷಕ್ಕೊಂದು ನಾಟಕದಲ್ಲಿ ಗದೆ ಹೊರುವ ರವೀಶ್ ಅವರ ಜೊತೆಗಾರ. ಇಬ್ಬರೂ ಸೇರಿ ಶೆಟ್ಟಿಹಳ್ಳಿಯ ಮುರುಕು ಚರ್ಚಿನಲ್ಲಿ ಒಂದು ಕಿರುಚಿತ್ರ ತೆಗೆಯುವುದೆಂದು ಗೊತ್ತು ಮಾಡಿಕೊಂಡಿದ್ದರು.

"ಕ್ಯಾಮೆರಾ ಯಾರು ಕೊಡ್ತಾರೆ?" ಎಂದೆ.

"ಕೊಳ್ಳೋಣ ಅಂತ. ಚೀಟಿ ಎತ್ತಿದೀವಲ್ಲ."

"ರೀ, ಅದು ಬಚ್ಚಲ ಛಾವಣಿಗೆ ಎತ್ತಿದ್ದು. ಮಳೆ ಬಂದ್ರೆ ಸಂಹಿತಾಗೆ ಕೊಡೆ ಹಿಡ್ಕೊಂಡು ಸ್ನಾನ ಮಾಡಿಸ್ತಾ ಇದೀನಿ."

ಏಳು ವರ್ಷದ ನಮ್ಮ ಮಗಳು ಸಂಹಿತಾ ತಟ್ಟೆಯಿಂದ ತಲೆಯೆತ್ತಿ, "ನಂಗೆ ಕೊಡೇನೇ ಇಷ್ಟ" ಎಂದಳು.

"ನೀನು ಸುಮ್ನೆ ಹುಳಿ ಅನ್ನ ತಿನ್ನು."

ಅಪ್ಪಾಜಿ ಮಜ್ಜಿಗೆ ಲೋಟ ಕೆಳಗಿಟ್ಟರು. "ನಮ್ಮ ವಂಶದಲ್ಲಿ ಬಣ್ಣ ಹಚ್ಚಿದವರಿಲ್ಲ, ಕೇದಾರ."

"ಬಣ್ಣ ಹಚ್ಚೋನು ರವೀಶ ಅಪ್ಪಾಜಿ. ನಾನು ಹಿಂದೆ ನಿಂತ್ಕೊಳ್ಳೋನು."

"ಹಿಂದೆ ನಿಂತವನದ್ದೇ ಪಾಪ ಜಾಸ್ತಿ. ಬೇಡ. ಈ ಮನೇಲಿ ಒಂದು ಕ್ಯಾಸೆಟ್ಟಿರೋದೇ ಸಾಕು."

ಅತ್ತೆ ಎಲ್ಲರಿಗೂ ಇನ್ನೊಂದು ಸುತ್ತು ಪಲ್ಯ ಬಡಿಸಿದರು. ಅಪ್ಪಾಜಿಗೆ ಬಡಿಸಲು ಮರೆತರೋ, ಬಿಟ್ಟರೋ, ನಾನು ಕೇಳಲಿಲ್ಲ.

ಮರುವಾರ ಕೇದಾರ್ ಹಾಸನದಿಂದ ಕ್ಯಾಮೆರಾ ಅಂಗಡಿಗಳ ಬಣ್ಣದ ಜಾಹೀರಾತು ಕಾಗದಗಳ ಕಟ್ಟು ತಂದರು. ಒಂದೊಂದನ್ನೇ ಬಿಡುತ್ತ ಬಂದು ಕೊನೆಗೆ ಎರಡು ಕ್ಯಾಮೆರಾ ಉಳಿದವು. ಹೆಚ್ಚು ಕಡಿಮೆ ಒಂದೇ ಬೆಲೆ. ಒಂದು ದೂರದ್ದನ್ನು ಬಹಳ ಹತ್ತಿರಕ್ಕೆ ಎಳೆಯುತ್ತಿತ್ತು, ಕತ್ತಲಲ್ಲೂ ಕಾಣುತ್ತಿತ್ತು. ಇನ್ನೊಂದಕ್ಕೆ ಅಷ್ಟು ಎಳೆತವಿರಲಿಲ್ಲ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದರು. ರವೀಶ್ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಮೊದಲನೆಯದರ ಪರ ವಾದಿಸುತ್ತಿದ್ದ.

"ಅಕ್ಕಾರೆ, ಇದಿದ್ರೆ ಬೆಳಗೊಳದ್ ಬೆಟ್ಟದ್ ಕೆಳಗ್ ನಿಂತ್ಕಂಡು ಗೊಮ್ಮಟನ್ ಮೂಗ್ ತೋರುಸ್ಬೋದು ಕಣಕ್ಕ!"

"ಮೂಗು ತೋರಿಸಿ ಏನ್ ಮಾಡ್ತೀಯಪ್ಪ?" ಎಂದೆ.

"ಅಂಗಂದ್ರೆ ಎಂಗಕ್ಕ? ಜನ ಬೆಚ್ಬೀಳ್ತಾರೆ."

"ನಂಗೂ ಅದೇ ಬೇಕು" ಎಂದಳು ಸಂಹಿತಾ.

ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸಿದರು. "ಕೇದಾರ, ಮೈಕ್ ಸಿಕ್ಕಿಸೋ ತೂತು ಯಾವುದಕ್ಕಿದೆ?"

ಕೇದಾರ್ ಕಾಗದ ತಿರುವಿದರು. "ಎರಡನೇದಕ್ಕಮ್ಮ. ಮೊದಲನೇದಕ್ಕೆ ಅದರೊಳಗೇ ಇರೋ ಮೈಕ್ ಮಾತ್ರ. ದೂರದವರ ಮಾತು ಅದಕ್ಕೆ ಸರಿಯಾಗಿ ಕೇಳಲ್ಲ."

"ಎರಡನೇದನ್ನೇ ತಗೋ."

"ಅತ್ತೆ, ಬಚ್ಚಲು..." ಎಂದೆ.

"ಮಳೆಗಾಲ ನಾಲ್ಕು ತಿಂಗಳು ವಾರಿಜಾ, ಕೊಡೆ ನಾನು ಹಿಡೀತೀನಿ. ಈ ಮನೇಲಿ ಇನ್ನು ಮೇಲೆ ಯಾರನ್ನ ತೆಗೆದ್ರೂ ಅವರ ಮಾತು ಇರಬೇಕು."

ಅದಾದ ಮೇಲೆ ನಾನು ಬಚ್ಚಲ ಮಾತೆತ್ತಲಿಲ್ಲ. ಅಪ್ಪಾಜಿ ಮಾತ್ರ ಕೇದಾರ್ ಜೊತೆ ಮಾತು ಬಿಟ್ಟರು. "ನಿನ್ನ ಗಂಡನಿಗೆ ಹೇಳು, ಹಾಲಿನವನು ಬಂದಿದಾನೆ" ಎಂದು, ಕೇದಾರ್ ಎದುರಿಗೇ, ನನಗೆ ಹೇಳುತ್ತಿದ್ದರು.

ಜೂನಿನ ಕೊನೆಯಲ್ಲಿ, ಆಷಾಢ ಹುಟ್ಟುವ ಮುಂಚೆ, ಚನ್ನರಾಯಪಟ್ಟಣದಲ್ಲಿ ನನ್ನ ಅಣ್ಣನ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಕೇದಾರ್ ನನ್ನನ್ನು ಬಸ್‌ಸ್ಟ್ಯಾಂಡಿನ ಬದಲು ಇನ್ನೊಂದು ಬೀದಿಗೆ ಕರೆದುಕೊಂಡು ಹೋದರು. ಹಂಸಳ ಮದುವೆ ತೆಗೆದವರ ಸ್ಟುಡಿಯೋ ಅಲ್ಲಿತ್ತು. ಪುಟ್ಟರಾಜು ಎಂಬ ದಪ್ಪನೆಯ ಮನುಷ್ಯ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕೂತಿದ್ದ. ಕೇದಾರ್ ಊರು, ಛತ್ರ, ವರ್ಷ ಎಲ್ಲ ಹೇಳಿ, ಹಾಡು ಸೇರಿಸುವ ಮುಂಚಿನ ಟೇಪು, ಕ್ಯಾಮೆರಾದಲ್ಲಿ ಮೊದಲು ಹಿಡಿದದ್ದು, ಇದೆಯೇ ಎಂದು ಕೇಳಿದರು.

"ಎಲ್ಲಿಯ ಟೇಪು ಸಾ! ಒಂದ್ ಮದ್ವೆ ಮುಗುದ್ರೆ ಅದ್ರ ಮ್ಯಾಲೇ ಇನ್ನೊಂದ್ ಮದ್ವೆ ತೆಗೀತಿದ್ವಿ. ಟೇಪೇನ್ ಕಮ್ಮಿ ರೇಟಾ ಆಗ?"

"ಅದರಲ್ಲಿ ಮಾತು ಇತ್ತಾ?"

"ಇದ್ದೇ ಇರ್ತದೆ. ಆ ಸೌಂಡ್ ಯಾರ್ಗ್ ಬೇಕು ಸಾ? ವಾಲಗ, ಮಕ್ಳಳೋದು, ಬಡ್ಸೋರ್ ಕೂಗು. ಅದ್ನ ಕಿತ್ತು ಹಾಡಾಕುದ್ರೆ ಎಲ್ರೂ ಕುಸಿಯಾಗೋರು. ನೀವೊಬ್ರೇ ಕಣ್ ಸಾ, ಹಾಡ್ ಬ್ಯಾಡ, ಗದ್ಲ ಬೇಕು ಅನ್ನೋರು."

"ಕಾರಿಂದ ನನ್ನ ತಂಗಿ ಏನೋ ಹೇಳ್ತಾಳೆ. ಕ್ಯಾಮೆರಾ ಹಿಡಿದಿದ್ದು ನೀವೇನಾ? ಜ್ಞಾಪಕ ಇದೆಯಾ?"

ಪುಟ್ಟರಾಜು ಕತ್ತರಿ ಕೆಳಗಿಟ್ಟ. ನಗು ನಿಂತಿತು. "ಯಾಕ್ ಸಾ, ಅವ್ರು ಈಗ..."

ಕೇದಾರ್ ತಲೆಯಾಡಿಸಿದರು.

"ಬೇಜಾರ್ ಮಾಡ್ಕಬ್ಯಾಡಿ. ಕಾರತ್ತಿದ್ ಹೆಣ್ಮಕ್ಳೆಲ್ಲ ಏನಾರ ಅಂದೇ ಅಂತಾರೆ. ನಾನ್ ಕಣ್ಣಲ್ ನೋಡ್ತಿದ್ದೆ ಸಾ, ಕಿವೀಲ್ ಕೇಳ್ತಿರ್ಲಿಲ್ಲ."

ಮನೆಗೆ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾವು ಅಲ್ಲಿಗೆ ಹೋಗುವುದು ಅವರಿಗೆ ಹೇಗೆ ತಿಳಿದಿತ್ತೋ.

"ಸಿಕ್ಕಿತಾ?"

"ಇಲ್ಲಮ್ಮ. ಅದರ ಮೇಲೆ ಬೇರೆ ಮದುವೆ ತೆಗೆದುಬಿಟ್ರಂತೆ."

"ಯಾರದ್ದು?"

"ಅವನಿಗೂ ಗೊತ್ತಿಲ್ಲ."

"ಯಾರಾದ್ರೂ ಆಗಲಿ, ಚೆನ್ನಾಗಿರಲಿ" ಎಂದು ಅವರು ಸೊಪ್ಪು ತೊಳೆಯಲು ಎದ್ದರು. ಆ ಸಂಜೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಎಲ್ಲರೂ ಸುಮ್ಮನೆ ಉಂಡೆವು.

ಕ್ಯಾಮೆರಾ ಬಂದದ್ದು ಆಷಾಢ ಕಳೆದ ಮೇಲೆ. ಅದರ ಜೊತೆಗೆ ಎರಡು ಮೈಕು: ಕ್ಯಾಮೆರಾದ ನೆತ್ತಿಯ ಮೇಲೆ ಕೂರುವ ಉದ್ದನೆಯದೊಂದು, ಬಟ್ಟೆಗೆ ಕಚ್ಚಿಸುವ ಕಡಲೆಕಾಳಿನಷ್ಟು ಚಿಕ್ಕದೊಂದು. ಚಿಕ್ಕದರ ತಂತಿಯ ನಡುವೆ ಗುಂಡಿಯಂಥ ಸೆಲ್ ಹಾಕುವ ಡಬ್ಬಿ, ಅದಕ್ಕೊಂದು ಪುಟಾಣಿ ಸ್ವಿಚ್ಚು. ಅಂಗಡಿಯವರು ಹೇಳಿಕೊಟ್ಟದ್ದನ್ನು ಕೇದಾರ್ ನಮಗೆಲ್ಲ ಪಾಠ ಮಾಡಿದರು: ಹೊರಗಿನ ಮೈಕ್ ಸಿಕ್ಕಿಸಿದ ಕೂಡಲೇ ಕ್ಯಾಮೆರಾ ತನ್ನ ಕಿವಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಈ ಮೈಕು ಕೇಳಿಸಿಕೊಂಡದ್ದೇ ಅದಕ್ಕೆ ಮಾತು.

ಮೊದಲ ಭಾನುವಾರ ಎಲ್ಲರೂ ಶೆಟ್ಟಿಹಳ್ಳಿಗೆ ಹೋದೆವು. ಅಪ್ಪಾಜಿ ಬರಲಿಲ್ಲ. ಹೇಮಾವತಿಯ ಹಿನ್ನೀರು ಚರ್ಚಿನ ಸುತ್ತ ಬಂದಿತ್ತು. ಛಾವಣಿ ಹೋಗಿ ಕಮಾನುಗಳು ಮಾತ್ರ ನಿಂತಿದ್ದವು. ರವೀಶ್ ಒಂದು ಕಮಾನಿನ ಕೆಳಗೆ ನಿಂತು, ಸತ್ತ ಹೆಂಡತಿಯನ್ನು ಕರೆಯುವ ಗಂಡನ ಮಾತು ಹೇಳಿದ. ಚೆನ್ನಾಗಿಯೇ ಹೇಳಿದ. ಸಂಹಿತಾ ನನ್ನ ಸೀರೆ ಹಿಡಿದುಕೊಂಡಳು. ಅತ್ತೆ ಕಲ್ಲಿನ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

ಮನೆಗೆ ಬಂದು ಟೀವಿಗೆ ಹಾಕಿದರೆ ಬರೀ ಗಾಳಿ. ರವೀಶನ ಬಾಯಿ ದೊಡ್ಡದಾಗಿ ತೆರೆಯುತ್ತಿತ್ತು, ಒಳಗಿಂದ ಬುರ್ರೆಂದು ಗಾಳಿ ಬರುತ್ತಿತ್ತು.

"ಅಯ್ಯೋ ಸಿವ್ನೇ, ನನ್ ಹೊಟ್ಟೇಲ್ ಲಾರಿ ಓಡ್ತಾ ಅದೆ!" ಎಂದ ರವೀಶ್.

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಒಳಗೆ ಹೋಗಿ ಅಪ್ಪಾಜಿಯ ಉಣ್ಣೆಯ ಮಫ್ಲರ್ ತಂದು, ಕತ್ತರಿಸಿ, ಉದ್ದನೆಯ ಮೈಕಿಗೆ ಕುಲಾವಿ ಹೊಲಿಯಲು ಕೂತರು.

ಅಪ್ಪಾಜಿ ಊಟದ ಹೊತ್ತಿಗೆ ನೋಡಿದರು. "ಅದು ನನ್ನ ಮಫ್ಲರ್ ಅಲ್ವೇನೇ? ಮಾಗಿಯಲ್ಲಿ ನಾನು ಕಿವಿಗೆ ಏನು ಸುತ್ತಿಕೊಳ್ಳಲಿ?"

ಅತ್ತೆ ದಾರ ಕಚ್ಚಿ ತುಂಡು ಮಾಡಿದರು. "ನಿಮ್ಮ ಕಿವಿಗಿಂತ ಇದಕ್ಕೆ ಚೆನ್ನಾಗಿ ಕೇಳಿಸುತ್ತೆ."

ಅಪ್ಪಾಜಿಯ ಕೈ ಅನ್ನದ ಮೇಲೇ ನಿಂತಿತು. ಆಪೋಶನ ತೆಗೆದುಕೊಂಡ ಮೇಲೆ ಎಲೆ ಬಿಟ್ಟು ಏಳುವವರಲ್ಲ. ಅಂದು ಎದ್ದರು. ಹಿತ್ತಲಲ್ಲಿ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

"ಅಮ್ಮ, ಯಾಕೆ ಹಾಗಂದೆ?" ಎಂದರು ಕೇದಾರ್.

"ಏನಂದೆ? ಅವರೇ ಹೇಳಿದ್ದಲ್ವಾ, ಕೇಳಿಸಲಿಲ್ಲ ಅಂತ."

ಆಮೇಲಿನ ಶುಕ್ರವಾರ ಬಂತು. ಅತ್ತೆ ಕ್ಯಾಸೆಟ್ ಹಾಕಲು ಹೇಳಲಿಲ್ಲ. ದೀಪ ಹಚ್ಚಿ, ಮುಖ ತೊಳೆದು, ಹೂ ಮುಡಿದು ಬಂದು ಹಜಾರದ ಕುರ್ಚಿಯಲ್ಲಿ ಕೂತರು. "ಕೇದಾರ, ಆ ಚಿಕ್ಕ ಮೈಕ್ ತಗೊಂಡು ಬಾ. ನನ್ನ ಮಾತು ಹಿಡಿ."

ಕೇದಾರ್ ಸಂಭ್ರಮದಿಂದ ಸೆಲ್ ಹಾಕಿ, ಸ್ವಿಚ್ ಒತ್ತಿ, ಮೈಕನ್ನು ಅತ್ತೆಯ ಪಕ್ಕದ ಸ್ಟೂಲಿನ ಮೇಲಿಟ್ಟು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಲು ಹೋದರು. ತಿರುಗಿ ಬಂದು ಮೈಕನ್ನು ಅತ್ತೆಯ ಸೆರಗಿಗೆ ಕಚ್ಚಿಸಿದರು. ಅಪ್ಪಾಜಿ ಪಂಚಾಂಗ ಮಡಿಸಿ ಎದ್ದರು, ಎಂದಿನಂತೆ, ಹಿತ್ತಲಿಗೆ.

"ಏನಾದ್ರೂ ಹೇಳಮ್ಮ. ನೋಡೋಣ."

ಅತ್ತೆ ಕ್ಯಾಮೆರಾದ ಕಣ್ಣನ್ನೇ ನೋಡಿದರು. ಅಡುಗೆಯ ಮಾತೋ ದೇವರನಾಮವೋ ಬರುತ್ತದೆ ಎಂದುಕೊಂಡಿದ್ದೆ.

"ಹಂಸಾ, ನಿನ್ನ ದನಿ ನನಗೆ ಮರೆತುಹೋಗಿದೆ ಕಣೇ" ಎಂದರು. "ಮುಖ ದಿನಾ ನೋಡ್ತೀನಿ. ದನಿ ಬರಲ್ಲ. ನೀನು ಕೊನೇ ಸಲ ಬಂದಾಗ ನಿನ್ನ ಕಣ್ಣು ಹಳದಿ ಆಗಿದ್ದು ನನಗೆ ಕಂಡಿತ್ತು. ನಾಲ್ಕು ದಿನ ಇರ್ತೀನಮ್ಮ ಅಂದೆ ನೀನು. ಅತ್ತೆ ಮನೇಲಿ ತಿಥಿ ಇದೆ, ಅಡುಗೆಗೆ ಜನ ಇಲ್ಲ, ಮುಗಿಸ್ಕೊಂಡು ಬಾ ಅಂತ ನಾನೇ ಕಳಿಸಿದೆ. ಇರ್ತೀನಮ್ಮ ಅಂದ ಆ ಮಾತು ನೆನಪಿದೆ. ಆದ್ರೆ ಯಾವ ದನಿಯಲ್ಲಿ ಆಡಿದೆ ಅಂತ ಗೊತ್ತಿಲ್ಲ. ಕಾರಿಂದ ಏನಂದೆ ಅನ್ನೋದಾದ್ರೂ ನನಗೆ ಗೊತ್ತಾಗಬೇಕು. ನೀನಿದ್ದಾಗ ಕೇಳಬೇಕು ಅಂತ ಹೊಳೀಲೇ ಇಲ್ಲ. ಕಳಿಸಬೇಡ ಅಂದಿಯಾ? ನಾನು ಪಾತ್ರೆ ಲೆಕ್ಕ ಹಾಕ್ತಾ ಇದ್ದೆ. ತಟ್ಟೆ ಒಂದು ಕಮ್ಮಿ ಬಂದಿತ್ತು."

ಕೇದಾರ್ ಕ್ಯಾಮೆರಾದ ಹಿಂದೆ ಅಳುತ್ತಿದ್ದರು. ಅಮ್ಮನ ಮಾತು ಬರಿಯ ಕಿವಿಗೇ ಕೇಳುತ್ತಿದ್ದುದರಿಂದ ಹೆಡ್‌ಫೋನ್ ಹಾಕಿಕೊಳ್ಳುವುದು ಅವರಿಗೆ ಹೊಳೆದಿರಲಿಲ್ಲ.

ಟೀವಿಗೆ ತಂತಿ ಸಿಕ್ಕಿಸಿ ಹಾಕಿದಾಗ ಅಪ್ಪಾಜಿ ಒಳಗೆ ಬಂದರು. ಪರದೆಯ ಮೇಲೆ ಅತ್ತೆ ಬಂದರು. ಹೂವಿನ ಒಂದೊಂದು ಎಸಳೂ ಕಾಣುತ್ತಿತ್ತು. ತುಟಿ ಆಡುತ್ತಿತ್ತು. ದನಿ ಇರಲಿಲ್ಲ. ಕೇದಾರ್ ಟೀವಿಯ ದನಿ ಏರಿಸಿದರು, ತಂತಿ ಕಿತ್ತು ಮತ್ತೆ ಸಿಕ್ಕಿಸಿದರು. ಏನೂ ಇಲ್ಲ, ಗಾಳಿಯ ಸದ್ದು ಕೂಡ. ಮೈಕಿನ ಡಬ್ಬಿ ತೆಗೆದು ನೋಡಿದರೆ ಸ್ವಿಚ್ಚು ಆರಿತ್ತು.

"ನಾನು ಹಾಕಿದ್ದೆ! ಇದೇ ಕೈಯಲ್ಲಿ ಹಾಕಿದ್ದೆ!"

"ಅಜ್ಜಿ ಆರಿಸಿದ್ರು" ಎಂದಳು ಸಂಹಿತಾ. "ಸ್ಟೂಲ್ ಮೇಲೆ ಇತ್ತಲ್ಲ, ಆಗ. ನಾನು ನೋಡ್ದೆ."

ಅತ್ತೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಸ್ವಿಚ್ಚು ಸುಮ್ನೆ ಹಾಕೇ ಇತ್ತು ಅಂತ..."

"ಅಮ್ಮ, ಇನ್ನೊಂದು ಸಲ ಹೇಳಮ್ಮ. ಈಗಲೇ."

"ಹೇಳೋದು ಹೇಳಿ ಆಯ್ತು."

ಟೀವಿಯನ್ನು ಯಾರೂ ಆರಿಸಿರಲಿಲ್ಲ. ಅಲ್ಲಿ ಅತ್ತೆ ಮಾತಾಡುತ್ತಲೇ ಇದ್ದರು. ಅಪ್ಪಾಜಿ ನಿಂತೇ ನೋಡುತ್ತಿದ್ದರು. ಹೆಗಲ ಮೇಲಿನ ಶಲ್ಯದಿಂದ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದರು. ಅದರ ಕೆಂಪಂಚು ನನ್ನ ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಅದನ್ನು ಟೀವಿಯಲ್ಲೂ ನೋಡಿದ್ದೆ, ಬಟ್ಟೆ ಒಣಹಾಕುವ ತಂತಿಯ ಮೇಲೂ ನೋಡಿದ್ದೆ.

"ಹಂಸತ್ತೆ ಥರಾನೇ ಅಜ್ಜೀನೂ" ಎಂದಳು ಸಂಹಿತಾ. "ತಾತ, ಇದಕ್ಕೂ ಹಾಡು ಹಾಕಿಸ್ತಾರಾ?"

"ಏನು ಹೇಳ್ತಾ ಇದಾಳೆ ಇದರಲ್ಲಿ?" ಎಂದು ಅಪ್ಪಾಜಿ ಕೇದಾರ್ ಕಡೆಗೆ ತಿರುಗಿದರು. ಎರಡು ತಿಂಗಳ ಮೇಲೆ ಮಗನಿಗೆ ಆಡಿದ ಮೊದಲ ಮಾತು.

ಉತ್ತರ ಕೊಟ್ಟದ್ದು ಅತ್ತೆ. "ನೀವು ಇಲ್ಲೇ ಕೂತಿರಬೇಕಿತ್ತು. ಕೇಳಬೇಕಾಗಿದ್ದವರು ಕೇಳಲಿಲ್ಲ ಅಂದ್ರೆ ಯಾವ ಯಂತ್ರ ತಂದು ಏನು ಮಾಡೋದು?"

ಅಪ್ಪಾಜಿ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು. ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂರುತ್ತಿದ್ದುದು ಊಟಕ್ಕೆ, ಪೂಜೆಗೆ ಮಾತ್ರ.

"ಕೇಳಿಸಿತ್ತು" ಎಂದರು.

ಕೇದಾರ್ ಕೈಯಿಂದ ತಂತಿ ಜಾರಿತು.

"ಅಮ್ಮ ಎಲ್ಲಿ, ಅಮ್ಮನ್ನ ಕರೀರಿ, ಅಂದಳು. ಎರಡು ಸಲ ಅಂದಳು. ರಾಹುಕಾಲ ಹತ್ತಿರ ಬಂದಿತ್ತು. ನೀನು ಬಂದ್ರೆ ಇಬ್ಬರೂ ಅಳ್ತೀರಿ, ಹೊತ್ತಾಗುತ್ತೆ ಅಂತ ನಾನೇ ಡ್ರೈವರಿಗೆ ಹೊರಡಪ್ಪ ಅಂದೆ. ಗೌರಿಹಬ್ಬಕ್ಕೆ ಬರ್ತಾಳಲ್ಲ, ಆಗ ನೋಡ್ತೀಯ ಅಂದ್ಕೊಂಡೆ. ಆಮೇಲೆ... ಹೇಳೋದು ಹೇಗೆ? ನಿನ್ನನ್ನ ಕರೀಲಿಲ್ಲ ನಾನು, ಶ್ರೀರಂಗಾ."

ನಾನು ಸಂಹಿತಾಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಅತ್ತೆ ಅತ್ತಾರು, ಕೂಗಾಡಿಯಾರು ಎಂದು ಕಾದೆ. ಅವರು ಕೇಳಿದ್ದು ಒಂದೇ.

"ದನಿ ಹೇಗಿತ್ತು?"

"ಹೋಮದ ಹೊಗೆಗೆ ಗಂಟಲು ಕಟ್ಟಿತ್ತು. ಒಡೆದ ದನಿ."

"ಹೇಗೆ ಕರೆದಳು, ಹೇಳಿ."

ಅಪ್ಪಾಜಿ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಕೇದಾರ್ ಕೈ ಮೈಕಿನ ಸ್ವಿಚ್ಚಿನ ಮೇಲೆ ಹೋದದ್ದನ್ನು ಕಂಡೆ. ಆಮೇಲೆ ಅವರೇ ಕೈ ತೆಗೆದರು.

ಒಲೆಯ ಮೇಲೆ ಹಾಲಿತ್ತು. ಅದು ಏರುವ ಸದ್ದಿಗೆ ಅತ್ತೆ ಎದ್ದು ಒಳಗೆ ಹೋದರು. ಒಲೆ ಆರಿಸಿದ್ದು ಕೇಳಿಸಿತು. ಆಗ ಅಪ್ಪಾಜಿ, ನೆಲ ನೋಡಿಕೊಂಡು, ಮಂತ್ರ ಹೇಳಿ ಹೇಳಿ ಒರಟಾದ ಆ ಗಂಟಲಿನಲ್ಲಿ, ಸಣ್ಣ ದನಿ ಮಾಡಿ, "ಅಮ್ಮ ಎಲ್ಲಿ?" ಎಂದರು.

"ಬಂದೇ" ಎಂದರು ಅತ್ತೆ ಅಡುಗೆಮನೆಯಿಂದ.

ಸೆರಗಿಗೆ ಕೈ ಒರೆಸುತ್ತ ಹಜಾರದ ಬಾಗಿಲವರೆಗೆ ಬಂದು ನಿಂತರು. ಕರೆದ್ರಾ ಎಂದು ಕೇಳಲಿಲ್ಲ.